ದಫೇದಾರ ಯಾರ ಮಾತೂ ಕೇಳುವುದಿಲ್ಲ

ಫೆಬ್ರವರಿ ೬

ತಂಗೀ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು, ಮೊದಲ ಸಲ ತಪ್ಪು ಓದಿರಬಹುದು ಎಂಬ ಆಸೆಯಿಂದ. ತಪ್ಪು ಓದಿರಲಿಲ್ಲ. ದಫೇದಾರನನ್ನು ನೀನು ನಿಜವಾಗಿಯೂ ಹಾಸ್ಟೆಲಿಗೆ ಸೇರಿಸಿದ್ದೀಯ. ತಟ್ಟೆ, ಹಗ್ಗ, ಹಳೆಯ ಕಂಬಳಿ ಎಲ್ಲ ಗಂಟು ಕಟ್ಟಿ, ಊರಾಚೆ ಯಾವನೋ ನಾಯಿ ಮಾಸ್ತರನ ಕೈಗೆ ಒಪ್ಪಿಸಿಬಿಟ್ಟಿದ್ದೀಯ. ಮೂರು ತಿಂಗಳಲ್ಲಿ ಅವನನ್ನು ತಿದ್ದಿ ತೀಡಿ ವಾಪಸು ಕೊಡುತ್ತಾನಂತೆ. ನೀನು ಕಳಿಸಿದ ಕರಪತ್ರದಲ್ಲಿ ಆ ಮಾಸ್ತರನ ಫೋಟೋ ನೋಡಿದೆ. ಕಪ್ಪು ಕನ್ನಡಕ, ಕುತ್ತಿಗೆಯಲ್ಲಿ ಸೀಟಿ, ಸೊಂಟದ ಮೇಲೆ ಕೈ. ಅವನ ಹಿಂದೆ ಸಾಲಾಗಿ ಕೂತ ನಾಯಿಗಳ ಮುಖದಲ್ಲಿ ಅವನ ಮುಖದಲ್ಲಿರುವುದಕ್ಕಿಂತ ಹೆಚ್ಚು ವಿವೇಕ ಕಾಣುತ್ತದೆ.

ದಫೇದಾರ ನನ್ನ ನಾಯಿ. ಆಸ್ಪತ್ರೆಯ ಕ್ವಾರ್ಟರ್ಸಿಗೆ ಬರುವಾಗ ನಿನ್ನ ಹತ್ತಿರ ಬಿಟ್ಟು ಬಂದೆನೇ ಹೊರತು ನಿನಗೆ ಕೊಟ್ಟು ಬರಲಿಲ್ಲ. ಅಂಗೈಯಗಲ ಇದ್ದಾಗ ತಂದು, ಎದೆ ಸೆಟೆಸಿ ನಡೆಯುವುದನ್ನು ನೋಡಿ ಆ ಹೆಸರಿಟ್ಟವಳು ನಾನು. ಅವನು ಕಚ್ಚುವ ಜಾತಿಯವನಲ್ಲ. ಅಂಚೆಯವನನ್ನು ಕಚ್ಚಲಿಲ್ಲ, ಗ್ಯಾಸಿನವನನ್ನು ಕಚ್ಚಲಿಲ್ಲ, ನಿಮ್ಮ ಮನೆ ಮಾಲೀಕರ ಆ ಕಿರುಚುಬುರುಕಿ ಮೊಮ್ಮಗಳನ್ನೂ ಕಚ್ಚಲಿಲ್ಲ. ಹೋದ ವರ್ಷ ನೀನು ಮದುವೆಯಾದೆ. ಆಮೇಲೆ ಕಚ್ಚುವುದಕ್ಕೆ ಶುರು ಮಾಡಿದ. ಅದೂ ಒಬ್ಬನನ್ನೇ.

ಕನ್ನಡಕದ ಅಂಗಡಿಯಲ್ಲಿ ಕೂತು ಊರಿನವರ ಕಣ್ಣಿಗೆಲ್ಲ ಗಾಜು ತೀಡಿ ಕೊಡುವವಳು ನೀನು. ನಲವತ್ತು ದಾಟಿದ ಮೇಲೆ ನಿನ್ನ ಕಣ್ಣಿಗೆ ಬಿದ್ದದ್ದು ಬಸ್ ನಿಲ್ದಾಣದ ಗೂಡಿನಲ್ಲಿ ಕೂತು ಬಸ್ಸುಗಳ ವೇಳೆ ಕೂಗುವ ಮೈಕು! ಹೋಗಲಿ ಎಂದರೆ, ಆ ಮೈಕಿಗಾಗಿ ನನ್ನ ನಾಯಿಯನ್ನು ಮನೆ ಬಿಡಿಸಿದೆ. ಇಬ್ಬರಲ್ಲಿ ಮನೆಯಿಂದ ಕಳಿಸಬೇಕಾದ್ದು ಯಾರನ್ನು ಎಂದು ದಾರಿಯಲ್ಲಿ ಹೋಗುವವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸುಮ್ಮನಾಗಬೇಕಾಗುತ್ತದೆ. ಬರೆ.

ನಿನ್ನ ಅಕ್ಕ

*

ಫೆಬ್ರವರಿ ೧೭

ಅಕ್ಕಾ,

ಅಳದೆ ಬರೆಯುತ್ತಿದ್ದೇನೆ.

ಈ ಸಲ ಏನಾಯಿತೆಂದು ನೀನು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಅವರು ಕೆಲಸ ಮುಗಿಸಿ ಬಂದರು, ಚಪ್ಪಲಿ ಬಿಟ್ಟರು, ಎಂದಿನಂತೆ ಮಾತಾಡುತ್ತಲೇ ಒಳಗೆ ಬಂದರು. ದಫೇದಾರ ಗೋಡೆಗೆ ಮುಖ ಮಾಡಿ ಮಲಗಿದ್ದ. "ಏನಪ್ಪಾ ದಫೇದಾರ, ಇವತ್ತಿನ ಡ್ಯೂಟಿ ಮುಗೀತಾ?" ಎಂದು ಕೇಳುತ್ತಾ ಬೆನ್ನು ಸವರಿದರು. ಅಷ್ಟೇ. ಹೆಬ್ಬೆರಳಿನ ಬುಡಕ್ಕೆ ಹೊಲಿಗೆ ಹಾಕಿಸಬೇಕಾಯಿತು. ನಾನು ಪೊರಕೆ ಎತ್ತಿಕೊಂಡೆ. ಅವರು ಕೈಗೆ ಟವೆಲ್ ಸುತ್ತಿಕೊಂಡು, "ಅವನಿಗೆ ಹೊಡೀಬೇಡ್ವೇ, ನೋಡಲ್ಲಿ, ನನಗಿಂತ ಅವನೇ ಜಾಸ್ತಿ ನಡುಗ್ತಿದಾನೆ" ಎಂದರು. ನಿಜ, ದಫೇದಾರ ಮೂಲೆ ಸೇರಿ ನಡುಗುತ್ತಿದ್ದ.

ಅವರ ತಪ್ಪೇನೂ ಇಲ್ಲ. ಮೊದಲ ಸಲ ಕಚ್ಚಿದಾಗಲೇ, "ಸುಮ್ಸುಮ್ನೆ ಹೋಗಿ ಮುಟ್ಟಬೇಡಿ, ಮಾತಾಡಿಸ್ಕೊಂಡು ಹತ್ರ ಹೋಗಿ" ಎಂದು ಹೇಳಿಕೊಟ್ಟವಳು ನಾನೇ. ಪಾಪ, ಬಾಗಿಲಿನಿಂದಲೇ ಮಾತು ಶುರು ಮಾಡುತ್ತಾರೆ.

ದಫೇದಾರ ನೀನು ಬಿಟ್ಟುಹೋದ ದಫೇದಾರನಾಗಿ ಉಳಿದಿಲ್ಲ ಅಕ್ಕಾ. ಕರೆದರೆ ಬರುವುದಿಲ್ಲ, ಬೇಡ ಎಂದರೆ ಬಿಡುವುದಿಲ್ಲ. ಮೈದಾನದಲ್ಲಿ ಹಗ್ಗ ಬಿಚ್ಚಿದರೆ ಮುಗಿಯಿತು, ನಾನು ಗಂಟಲು ಹರಿದುಕೊಂಡರೂ ತಿರುಗಿ ನೋಡುವುದಿಲ್ಲ. ವಯಸ್ಸಾದಂತೆ ಕೊಬ್ಬು ಹೆಚ್ಚಾಗಿದೆ. ಮಾಲೀಕರು ಮೇಲೆ ಬಂದು, "ಮಗು ಓಡಾಡೋ ಮನೆ ಇದು. ಇನ್ನೊಂದ್ ಸಲ ಹೀಗಾದ್ರೆ ನಾಯಿ ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು" ಎಂದರು. ಇನ್ನೇನು ಮಾಡಲಿ? ಬೀದಿಗೆ ಬಿಡಲೇ? ಕಳಿಸಿದ ದಿನ ಗಾಡಿಯ ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ತಿರುವು ದಾಟುವವರೆಗೂ ನನ್ನನ್ನೇ ನೋಡುತ್ತಿದ್ದ. ನಾನು ಅಂಗಡಿಗೆ ಹೋಗಲಿಲ್ಲ ಅವತ್ತು.

ಅವರನ್ನು ಮೈಕು ಎಂದು ಕರೆಯಬೇಡ. ನಿನ್ನ ಕಾಗದ ಮೇಜಿನ ಮೇಲಿತ್ತು, ಓದಿದರು. ನಕ್ಕರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಿನ್ನ ತಂಗಿ

*

ಮಾರ್ಚ್ ೧

ತಂಗೀ,

ನಕ್ಕನಂತೆ! ನಗದೆ ಇನ್ನೇನು ಮಾಡುತ್ತಾನೆ? ನಾಚಿಕೆ ಇರುವವರಿಗೆ ಸಿಟ್ಟು ಬರುತ್ತದೆ.

ಮದುವೆಯ ಹೊಸದರಲ್ಲಿ ನೀವಿಬ್ಬರೂ ನನ್ನ ಕ್ವಾರ್ಟರ್ಸಿಗೆ ಬಂದದ್ದು ನೆನಪಿದೆಯಲ್ಲ? ನೀನು ಚಹಾ ಮಾಡುವುದಕ್ಕೆ ಒಳಗೆ ಹೋದೆ. ಆ ಮನುಷ್ಯ ನನ್ನ ಎದುರಿಗೆ ಕೂತು, ಯಾವ ಬಸ್ಸು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಳಿದರೆ ಯಾವುದು ಸಿಗುತ್ತದೆ ಎಂದು ಒಂದೇ ಸಮ ಹೇಳಿದ. ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆಪರೇಷನ್ ಥಿಯೇಟರಿನಿಂದ ಬಂದು ಕಾಲು ಚಾಚಿಕೊಂಡಿದ್ದೆ. ಅವತ್ತು ರೋಗಿಗಳಿಗೆ ಕೊಡುವ ಮಂಪರಿನ ಮದ್ದನ್ನು ನನಗೇ ಯಾರಾದರೂ ಕೊಟ್ಟಿದ್ದರೆ ಕೈ ಮುಗಿಯುತ್ತಿದ್ದೆ.

ದಫೇದಾರನಿಗೆ ಕೊಬ್ಬು ಅನ್ನುತ್ತೀಯ. ಅದರ ಹೆಸರು ಗಾಂಭೀರ್ಯ. ಹೋದ ಸಲ ನಿಮ್ಮ ಮನೆಗೆ ಬಂದಾಗ ಪಕ್ಕದವರು ಗೋಡೆಗೆ ಡ್ರಿಲ್ ಹಾಕಿಸುತ್ತಿದ್ದರು. ಆ ಸದ್ದಿಗೆ ನನ್ನ ಹಲ್ಲೇ ಜುಮ್ಮೆನ್ನುತ್ತಿತ್ತು. ಅವನು ನನ್ನ ಪಾದದ ಮೇಲೆ ತಲೆಯಿಟ್ಟು ದೊರೆಯ ಹಾಗೆ ಮಲಗಿದ್ದ. ಕಿವಿ ಸಹ ಅಲ್ಲಾಡಿಸಲಿಲ್ಲ. ಅಂಥ ನಾಯಿ ಒಬ್ಬ ಮನುಷ್ಯನ ದನಿ ಕೇಳಿದ ಕೂಡಲೇ ಎದ್ದು ಕಚ್ಚುತ್ತದೆ ಎಂದರೆ, ಆ ದನಿ ಎಂಥದ್ದು, ಆ ಮನುಷ್ಯ ಎಂಥವನು, ನೀನೇ ಯೋಚಿಸು. ನಾಯಿಗೆ ಯಾರ ಹಂಗೂ ಇಲ್ಲ. ಒಬ್ಬಂಟಿಯಾಗಿ ಮುದುಕಿಯಾಗುತ್ತೇನೆ ಎಂಬ ಭಯವೂ ಇಲ್ಲ. ಆದ್ದರಿಂದ ನಿನಗೆ ಕಾಣದ್ದು ಅವನಿಗೆ ಕಾಣುತ್ತದೆ.

ಆ ಸೀಟಿ ಮಾಸ್ತರನಿಗೆ ನಾನೇ ಒಂದು ಕಾಗದ ಬರೆದಿದ್ದೇನೆ. ನನ್ನ ನಾಯಿಯ ಮೈಮೇಲೆ ಒಂದು ಬರೆ ಕಂಡರೂ ಅವನ ಗತಿ ಏನಾಗುತ್ತದೆ ಎಂದು ವಿವರವಾಗಿ ತಿಳಿಸಿದ್ದೇನೆ.

ನಿನ್ನ ಅಕ್ಕ

*

ಮಾರ್ಚ್ ೧೪

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಅದರ ಧಾಟಿ ನನಗೆ ಹಿಡಿಸಲಿಲ್ಲ. ನಮ್ಮ ತರಬೇತಿ ಕೇಂದ್ರದಿಂದ ಹೊರಬಂದ ನಾಯಿಗಳು ಕಾರ್ಖಾನೆಗಳನ್ನು ಕಾಯುತ್ತಿವೆ, ಸಿನಿಮಾದಲ್ಲಿ ನಟಿಸಿವೆ. ನನಗೆ ನಾಯಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ.

ತಾವು ವಿಚಾರಿಸಿದ ನಾಯಿಯ ಮೇಲೆ ಯಾರೂ ಕೈ ಮಾಡಿಲ್ಲ. ಆದರೆ ಇಷ್ಟು ಅಹಂಕಾರದ ಪ್ರಾಣಿಯನ್ನು ನನ್ನ ವೃತ್ತಿಯಲ್ಲಿ ಕಂಡಿಲ್ಲ. ನನ್ನ ಸೀಟಿಗೆ ಅದರ ಹತ್ತಿರ ಕವಡೆ ಕಿಮ್ಮತ್ತಿಲ್ಲ. ಹೆಸರು ಹಿಡಿದು ಕೂಗಿದರೆ ಆಕಾಶ ನೋಡುತ್ತದೆ. ಹಿಂದಿನಿಂದ ಆಜ್ಞೆ ಕೊಟ್ಟರಂತೂ ನಾನೆಂಬ ಮನುಷ್ಯ ಹುಟ್ಟೇ ಇಲ್ಲ ಎಂಬಂತೆ ಕೂತಿರುತ್ತದೆ. ಎದುರಿಗೆ ನಿಂತರೆ ಮಾತ್ರ ಎವೆಯಿಕ್ಕದೆ ನನ್ನ ಮುಖವನ್ನೇ ನೋಡುತ್ತದೆ, ತಪ್ಪು ಹುಡುಕುವವರ ಹಾಗೆ. ಇಂಥ ಗರ್ವ ನಾಯಿಗೆ ಹುಟ್ಟಿನಿಂದ ಬರುವುದಿಲ್ಲ, ಸಾಕಿದವರಿಂದ ಬರುತ್ತದೆ. ತಮ್ಮ ಪತ್ರ ಓದಿದ ಮೇಲೆ ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಉಳಿದಿಲ್ಲ.

ಇನ್ನೊಂದು ಮಾತು. ತಮ್ಮ ತಂಗಿಯವರ ಯಜಮಾನರು ಪ್ರತಿ ವಾರ ಬಂದು, ಬೇಲಿಯಾಚೆ ನಿಂತು ನಾಯಿಯ ಜೊತೆ ಹರಟುತ್ತಾರೆ. ಶಿಸ್ತಿಗೆ ಅಡ್ಡಿ ಎಂದು ಹೇಳಿದರೂ ಬಿಡುವುದಿಲ್ಲ. ಮುಂದಿನ ತಿಂಗಳು ನಮ್ಮಲ್ಲಿ ನಾಯಿಗಳ ಪ್ರದರ್ಶನವಿದೆ. ಮೈಕಿನ ಕೆಲಸವನ್ನು ಅವರಿಗೇ ವಹಿಸಿದ್ದೇನೆ. ಬೇಲಿಯ ಹತ್ತಿರ ಬರದಿದ್ದರೆ ಸಾಕಾಗಿದೆ.

ತಮ್ಮ ವಿಶ್ವಾಸಿ,
ಮುಖ್ಯ ತರಬೇತುದಾರ

*

ಮಾರ್ಚ್ ೨೨

ತಂಗೀ,

ಮಾಸ್ತರನ ಉತ್ತರ ಬಂತು. ತಿಂಗಳುಗಳ ನಂತರ ಮನಸಾರೆ ನಕ್ಕೆ. ನಮ್ಮ ವಾರ್ಡಿನ ಹುಡುಗಿಯರಿಗೂ ಓದಿ ಹೇಳಿದೆ. ಕಾರ್ಖಾನೆ ಕಾಯುವ ನಾಯಿಗಳನ್ನು ತಯಾರು ಮಾಡಿದವನಿಗೆ ನನ್ನ ದಫೇದಾರ ಸೊಪ್ಪು ಹಾಕುತ್ತಿಲ್ಲವಂತೆ. ಎದುರಿಗೆ ಬಂದರೆ ದಿಟ್ಟಿಸಿ ನೋಡುತ್ತಾನಂತೆ. ಒಬ್ಬನನ್ನಾದರೂ ನಾನು ಸರಿಯಾಗಿ ಬೆಳೆಸಿದ್ದೇನೆ.

ನಿನ್ನನ್ನೂ ನಾನೇ ಬೆಳೆಸಿದ್ದು. ಎಲ್ಲಿ ಎಡವಿದೆನೋ ಗೊತ್ತಿಲ್ಲ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಆ ಮಾಸ್ತರನಿಂದ ಏನೂ ಆಗುವುದಿಲ್ಲ. ದಫೇದಾರ ಹೇಗೆ ಹೋದನೋ ಹಾಗೇ ವಾಪಸು ಬರುತ್ತಾನೆ. ಬಂದ ದಿನ ಆ ಮೈಕು ಮನೆಯಲ್ಲಿ ಇರಬಾರದು. ಬಸ್ ನಿಲ್ದಾಣದಲ್ಲಿ ಬೇಕಾದಷ್ಟು ಬೆಂಚುಗಳಿವೆ. ತಮಾಷೆಗೆ ಹೇಳುತ್ತಿಲ್ಲ. ಆ ಮನುಷ್ಯನನ್ನು ಬಿಟ್ಟುಬಿಡು. ನಾಯಿ ಮತ್ತೆ ಮತ್ತೆ ಹೇಳಿತು, ನಿನಗೆ ಅರ್ಥವಾಗಲಿಲ್ಲ. ಈಗ ನಾನು ಹೇಳುತ್ತಿದ್ದೇನೆ. ಬಿಡುವುದಿಲ್ಲ ಎಂದಾದರೆ ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ನಿನ್ನ ಅಕ್ಕ

*

ಏಪ್ರಿಲ್ ೧೮

ಅಕ್ಕಾ,

ಬಿಡುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು.

ಹೋದ ಭಾನುವಾರ ಮಾಸ್ತರರ ಪ್ರದರ್ಶನವಿತ್ತು. ಬಯಲಿನಲ್ಲಿ ಶಾಮಿಯಾನ, ಕುರ್ಚಿಗಳು, ತಮ್ಮ ತಮ್ಮ ನಾಯಿ ಏನು ಕಲಿತಿದೆಯೆಂದು ನೋಡಲು ಬಂದ ಮನೆಯವರು. ನಾಯಿಗಳನ್ನು ಸಾಲಾಗಿ ಕೂರಿಸಿದ್ದರು. ದಫೇದಾರನನ್ನು ಮಾತ್ರ ಸಾಲಿಗೆ ಸೇರಿಸಿರಲಿಲ್ಲ. ಮರ್ಯಾದೆ ಕಳೆಯುತ್ತಾನೆಂದು ಹಿಂದುಗಡೆ, ದೊಡ್ಡ ಸ್ಪೀಕರಿನ ಪಕ್ಕದ ಗೂಟಕ್ಕೆ ಕಟ್ಟಿದ್ದರು. ಅವನು ಹುಲ್ಲಿನ ಮೇಲೆ ಮಲಗಿ ನಿದ್ದೆ ಹೋಗಿದ್ದ.

ಇವರು ಮೈಕ್ ತೆಗೆದುಕೊಂಡು "ಮಹನೀಯರೇ, ಮಹಿಳೆಯರೇ" ಅಂದರು ನೋಡು, ಸ್ಪೀಕರ್ ಕೀಂ ಎಂದು ಕಿರುಚಿಕೊಂಡಿತು. ನನ್ನ ಪಕ್ಕದಲ್ಲಿದ್ದ ಹೆಂಗಸಿನ ಕೈಯಿಂದ ಲೋಟ ಬಿತ್ತು. ಸಾಲಿನಲ್ಲಿದ್ದ ನಾಯಿಗಳೆಲ್ಲ ಶಿಸ್ತು ಮರೆತು ಚೆಲ್ಲಾಪಿಲ್ಲಿ. ಒಂದು ಕುರ್ಚಿಯ ಕೆಳಗೆ ನುಗ್ಗಿತು, ಒಂದು ಮಾಸ್ತರರ ಕಾಲಿಗೇ ಹಗ್ಗ ಸುತ್ತಿ ಅವರನ್ನು ಬೀಳಿಸಿತು. ಜನ ಹೋ ಎಂದು ನಗುತ್ತಿದ್ದರು. ಇವರು ನಗಲಿಲ್ಲ. ಮೈಕನ್ನು ಹಾಗೇ ಹಿಡಿದು ಸ್ಪೀಕರಿನ ಕಡೆ ನೋಡುತ್ತಾ ನಿಂತುಬಿಟ್ಟರು. ಅದರ ಪಕ್ಕದಲ್ಲಿ ದಫೇದಾರ ಮಲಗಿದ್ದ ಹಾಗೇ ಮಲಗಿದ್ದ. ಕಿವಿ ಸಹ ಅಲ್ಲಾಡಿಸಿರಲಿಲ್ಲ.

ಇವರು ಮೈಕಿನಲ್ಲೇ ಹೇಳಿಬಿಟ್ಟರು, ಇಡೀ ಬಯಲಿಗೆ ಕೇಳುವ ಹಾಗೆ: "ಅಯ್ಯೋ, ಅವನಿಗೆ ಕಿವಿ ಕೇಳಲ್ಲ ಕಣೇ!"

ಮರುದಿನ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವನ ಬೆನ್ನ ಹಿಂದೆ ಚಪ್ಪಾಳೆ ಹೊಡೆದರು, ಉಕ್ಕಿನ ತಟ್ಟೆ ಬೀಳಿಸಿದರು. ಏನೂ ಇಲ್ಲ. ಎರಡು ಕಿವಿಯೂ ಹೋಗಿವೆ, ಹೋಗಿ ವರ್ಷದ ಮೇಲೇ ಆಗಿರಬೇಕು ಎಂದರು. ನಾನು ಬಾಗಿಲಿಗೆ ಹೋಗುವುದನ್ನು ನೋಡಿ ಅವನೂ ಎದ್ದು ಬರುತ್ತಿದ್ದ. ಬಾಗಿಲ ಬೆಲ್ಲಿನ ಸದ್ದಿಗೆ ಎದ್ದ ಎಂದುಕೊಳ್ಳುತ್ತಿದ್ದೆ. ಮಾತು ಕೇಳುವುದಿಲ್ಲ ಎಂದು ನಾನು ಬೈದದ್ದೆಷ್ಟು, ಕಟ್ಟಿಹಾಕಿದ್ದೆಷ್ಟು! ಮಲಗಿದ ಜೀವವನ್ನು ಯಾರೋ ಹಿಂದಿನಿಂದ ಮುಟ್ಟಿದರೆ ಬೆಚ್ಚಿಬಿದ್ದು ಕಚ್ಚದೆ ಏನು ಮಾಡುತ್ತದೆ? ಮಿಕ್ಕವರನ್ನು ಕಚ್ಚಲಿಲ್ಲ, ಯಾಕೆಂದರೆ ಮಿಕ್ಕವರು ಹತ್ತಿರವೇ ಹೋಗಲಿಲ್ಲ. ಅಂಚೆಯವರು ಸವರಲಿಲ್ಲ, ಗ್ಯಾಸಿನವರು ಸವರಲಿಲ್ಲ. ನಾನೂ ಮಲಗಿದವನನ್ನು ಮುಟ್ಟಿ ಮುದ್ದಾಡಿದವಳಲ್ಲ. ಇವರೊಬ್ಬರೇ ಸವರಿದ್ದು.

ಮಾಸ್ತರರು ಕಿವುಡು ನಾಯಿಗೆ ಕಲಿಸಿ ಹೆಸರು ಕೆಡಿಸಿಕೊಳ್ಳುವುದಿಲ್ಲ ಎಂದು ಹೇಳಿ ಗಂಟುಮೂಟೆ ಸಮೇತ ಅವನನ್ನು ವಾಪಸು ಕೊಟ್ಟರು.

ಈಗ ನಿನ್ನ ವಿಷಯ. ಆ ದನಿ ಕೇಳಿ ಎದ್ದು ಕಚ್ಚುತ್ತಾನೆ ಎಂದು ಬರೆದಿದ್ದೆ. ಅವನು ಇವರ ದನಿಯನ್ನು ಒಂದು ದಿನವೂ ಕೇಳಿಲ್ಲ. ಇವರು ಮಾತು ಜಾಸ್ತಿ, ನನಗೆ ಗೊತ್ತು. ಕೊಚ್ಚಿಕೊಳ್ಳುತ್ತಾರೆ, ಗೊತ್ತು. ಸ್ನಾನ ಮಾಡಿದರೆ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕುತ್ತಾರೆ, ನೀನು ಇನ್ನೂ ನೋಡಿಲ್ಲ, ಅದನ್ನೂ ಸೇರಿಸಿಕೋ. ಆದರೆ ಇದ್ಯಾವುದನ್ನೂ ನಾಯಿ ಹೇಳಲಿಲ್ಲ ಅಕ್ಕಾ. ಹೇಳಿದವಳು ನೀನು. ನಿನ್ನ ಮಾತನ್ನು ಆ ಬಾಯಿಲ್ಲದ ಪ್ರಾಣಿಯ ಬಾಯಿಗೆ ತುರುಕಿದೆ.

ನನ್ನ ನಾಯಿ, ನನ್ನ ನಾಯಿ ಅನ್ನುತ್ತೀಯ. ಅವನನ್ನು ಬೀದಿಗೆ ಬಿಡಲೇ ಎಂದು ನಾನು ಕೇಳಿದಾಗಲೂ ‘ಇಲ್ಲಿಗೆ ಕಳಿಸು’ ಎಂಬ ಒಂದು ಸಾಲು ನಿನ್ನಿಂದ ಬರಲಿಲ್ಲ. ಕ್ವಾರ್ಟರ್ಸಿನಲ್ಲಿ ನಾಯಿ ಇಟ್ಟುಕೊಳ್ಳಲು ಬಿಡುವುದಿಲ್ಲ ಎಂದಿದ್ದೆ. ನಾವು ಬಂದಾಗ ನಿನ್ನ ಪಕ್ಕದ ಮನೆಯ ಕಿಟಕಿಯಲ್ಲಿ ಒಂದು ನಾಯಿ ಕೂತು ರಸ್ತೆ ನೋಡುತ್ತಿತ್ತು.

ನಿನ್ನ ತಂಗಿ

*

ಮೇ ೧೧

ಅಕ್ಕನವರಿಗೆ ನಮಸ್ಕಾರ.

ನಾನು ನಿಮಗೆ ಬರೆಯುತ್ತಿರುವುದು ಇವಳಿಗೆ ಗೊತ್ತಿಲ್ಲ. ಮೈಕಿನ ಮುಂದೆ ಕೂತರೆ ಮಾತು ತಾನಾಗಿ ಬರುತ್ತದೆ, ಕಾಗದದ ಮುಂದೆ ಬರುವುದಿಲ್ಲ. ಆದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ, ನಿಮಗೂ ಅದೇ ಅನುಕೂಲ.

ನಿಮಗೆ ನಾನು ಹಿಡಿಸುವುದಿಲ್ಲ. ಅದರಲ್ಲಿ ನನ್ನ ತಕರಾರಿಲ್ಲ. ಮೈಕು ಎಂದು ಕರೆಯುತ್ತೀರಿ. ನಿಲ್ದಾಣದಲ್ಲಿ ಬಸ್ಸು ತಡವಾದಾಗ ಜನ ಕರೆಯುವ ಹೆಸರುಗಳ ಮುಂದೆ ಅದು ಬಿರುದು. ಆದರೆ ನಿಮ್ಮ ಕಾಗದ ಬರದೇ ಹೋದಾಗಿನಿಂದ ಇವಳು ಕೆಳಗಿನ ಅಂಚೆ ಡಬ್ಬಿಯನ್ನು ದಿನಾ ತೆಗೆದು ನೋಡಿ, ಏನೂ ಇಲ್ಲದಿದ್ದರೆ ಒಳಗೆ ಕೈ ಹಾಕಿಯೂ ನೋಡುತ್ತಾಳೆ. ಕೇಳಿದರೆ "ಕರೆಂಟ್ ಬಿಲ್ ಬರ್ಬೇಕಿತ್ತು" ಅನ್ನುತ್ತಾಳೆ.

ದಫೇದಾರ ಚೆನ್ನಾಗಿದ್ದಾನೆ. ನಮ್ಮದು ಮರದ ಹಲಗೆಯ ನೆಲವಲ್ಲವೇ, ದೂರದಲ್ಲಿ ನಿಂತು ಹಿಮ್ಮಡಿ ಕುಟ್ಟಿದರೆ ಅವನಿಗೆ ತಿಳಿಯುತ್ತದೆ. ಕೈಸನ್ನೆ ಬೇಗ ಕಲಿತ. ಮಾಲೀಕರ ಮೊಮ್ಮಗಳಿಗೂ ಕಲಿಸಿದ್ದೇವೆ. ಈಗ ಮಾಲೀಕರದು ಹೊಸ ದೂರು, ಮೇಲೆ ಇಡೀ ದಿನ ನೆಲ ಕುಟ್ಟುತ್ತೀರಿ ಎಂದು. ಆಮೇಲೆ ನನ್ನನ್ನು ಕಚ್ಚಿಲ್ಲ.

ಒಮ್ಮೆ ಬನ್ನಿ. ನನ್ನ ಜೊತೆ ಮಾತಾಡಲೇಬೇಕೆಂದೇನಿಲ್ಲ.

ಇಂತಿ,
ನಿಮ್ಮ ತಂಗಿಯ ಮನೆಯವನು

*

ಮೇ ೨೭

ತಂಗೀ,

ಮುಂದಿನ ವಾರದ ಕೊನೆಗೆ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ಕರೆದುಕೊಂಡು ಹೋಗಲು ಯಾರೂ ಬರಬೇಕಾಗಿಲ್ಲ, ನನಗೆ ದಾರಿ ಗೊತ್ತು. ಒಂದು ದಿನ ಇದ್ದು ಹೊರಡುತ್ತೇನೆ. ಇದನ್ನು ರಾಜಿ ಎಂದು ತಿಳಿದು ಸಡಗರ ಮಾಡಬೇಡ.

ಅಕ್ಕ

*

ಜೂನ್ ೧೬

ತಂಗೀ,

ಅಲ್ಲಿಂದ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ. ಥಿಯೇಟರಿನಲ್ಲಿ ಕೆಲಸ ಹೆಚ್ಚಾಗಿತ್ತು ಎಂದು ಬರೆಯಬಹುದು. ಹೆಚ್ಚಾಗಿರಲಿಲ್ಲ.

ನಿಮ್ಮ ಯಜಮಾನರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಎಂದು ನೀನು ಕಾಯುತ್ತಿದ್ದರೆ, ಇಲ್ಲ. ಊಟಕ್ಕೆ ಕೂತರೆ ಅವರ ಮಾತಿಗೆ ಪೂರ್ಣವಿರಾಮವೇ ಇಲ್ಲ. ಟವೆಲಿನ ವಿಷಯ ಕಣ್ಣಾರೆ ಕಂಡೆ. ಆ ಹಸಿರು ಅಂಗಿಯನ್ನು ಯಾವ ಮನುಷ್ಯ ತಾನಾಗಿ ಆರಿಸಿಕೊಳ್ಳುತ್ತಾನೋ ನನಗೆ ತಿಳಿಯದು. ನಿನ್ನ ಜಾಗದಲ್ಲಿ ನಾನಿದ್ದರೆ ಒಂದು ವಾರವೂ ತಡೆದುಕೊಳ್ಳುತ್ತಿರಲಿಲ್ಲ. ಆದರೆ ನಿನ್ನ ಜಾಗದಲ್ಲಿ ಇರು ಎಂದು ನನ್ನನ್ನು ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಒಂದನ್ನು ಮಾತ್ರ ಬರೆಯಬೇಕು. ಮಧ್ಯಾಹ್ನ ನೀನು ಸ್ನಾನಕ್ಕೆ ಹೋಗಿದ್ದೆ. ದಫೇದಾರ ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಮಲಗಿದ್ದ. ಅವರು ನೀರು ಕುಡಿಯಲು ಬಂದವರು ದೂರದಲ್ಲೇ ನಿಂತರು. ಹಿಮ್ಮಡಿಯಿಂದ ನೆಲ ತಟ್ಟಿದರು. ಅವನು ಏಳಲಿಲ್ಲ. ಇನ್ನೊಮ್ಮೆ ತಟ್ಟಿ ಕಾದರು. ಅವನು ನಿಧಾನವಾಗಿ ತಲೆಯೆತ್ತಿ ಹಿಂದೆ ತಿರುಗಿ ನೋಡುವವರೆಗೂ ಹಾಗೇ ನಿಂತಿದ್ದರು. ಆಮೇಲೆ ಅಂಗೈ ತೋರಿಸಿ, ಹತ್ತಿರ ಹೋಗಿ, ಮೂಸಲು ಬಿಟ್ಟು, ಆಮೇಲೆ ಸವರಿದರು. ಅಷ್ಟು ಹೊತ್ತೂ ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಿರುವುದು ಅವರಿಗೆ ತಿಳಿದಿರಲಿಲ್ಲ. ಥಿಯೇಟರಿನಲ್ಲಿ ಹೆಸರಾದ ಡಾಕ್ಟರುಗಳನ್ನೆಲ್ಲ ನೋಡಿದ್ದೇನೆ. ಮಲಗಿದವರನ್ನು ಮುಟ್ಟುವ ಮುಂಚೆ ನಿಂತು ಕಾಯುವವರನ್ನು ಹೆಚ್ಚು ನೋಡಿಲ್ಲ.

ಸಂಜೆ ನಾನು ಹೊರಟೆ. ಬಾಗಿಲಲ್ಲಿ ನಿಂತು ದಫೇದಾರನ ಕಡೆ ಕೈ ಚಾಚಿದೆ. ಅವನು ಎದ್ದ, ಮೈ ಕೊಡವಿದ, ನನ್ನ ಕಡೆಗೇ ಬಂದ. ನನ್ನನ್ನು ದಾಟಿ ಹೋಗಿ ಅವರ ಕಾಲಿಗೆ ಒರಗಿ ಕೂತ. ಅವರು ಬಗ್ಗಿ ನನ್ನ ಚೀಲ ಎತ್ತಿಕೊಳ್ಳುತ್ತಿದ್ದರು, ಗಮನಿಸಲಿಲ್ಲ. ನೀನು ಗಮನಿಸಿದೆ. ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ನೀನು ಬಂದು ಆ ಕೈಗೆ ನೀರಿನ ಬಾಟಲಿ ಇಟ್ಟು, "ದಾರಿಗೆ ಬೇಕಾಗತ್ತೆ ಅಕ್ಕಾ" ಎಂದೆ.

ಬಸ್ಸಿನಲ್ಲಿ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಬಂದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅವತ್ತು ‘ನೋಡು, ನಾಯಿಯೇ ಹೇಳಿತು’ ಎನ್ನದೆ ಸುಮ್ಮನಿರುತ್ತಿರಲಿಲ್ಲ.

ನಿನ್ನ ಅಕ್ಕ